ಓದು ಬಾರದ ಪ್ರೂಫ್ ರೀಡರ್

ಹುಮನಾಬಾದಿನ ವೈಜನಾಥ ಸಾವಕಾರರ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ದ್ರೌಪತಿ ಮಡಚಿದ್ದು ನನ್ನ ಮದುವೆ ಕಾರ್ಡು. ೧೯೯೧ನೆಯ ಇಸವಿ. ಹತ್ತು ಕಾರ್ಡು ಮಡಚುವಷ್ಟರಲ್ಲಿ ಒಂದನ್ನು ಕೈಯಲ್ಲಿ ಹಿಡಿದು ಬಂದರು. ಮೇಲಿನ ಎರಡು ಗಿಳಿಗಳು ಒಂದಕ್ಕೊಂದು ಬೆನ್ನು ಮಾಡಿ ಕೂತಿವೆಯಲ್ಲ, ಇದು ಲಗ್ನಪತ್ರಿಕೆಯೋ ಗಂಡಹೆಂಡಿರು ಬಿಡುವ ಸೋಡಚೀಟಿಯೋ ಎಂದು ಸಾವಕಾರರನ್ನು ಕೇಳಿದರು. ಅದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ, ಕಾನ್ವೆಂಟಿನಲ್ಲಿ ಕಲಿತ ನಾನು ಆ ಕಾರ್ಡಿನ ಕಾಗುಣಿತವನ್ನು ನಾಲ್ಕು ಸಲ ತಿದ್ದಿದ್ದೆ. ಗಿಳಿಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಗಿಳಿಗಳ ಅಚ್ಚಿನ ಬ್ಲಾಕು ಅದಲುಬದಲು ಮಾಡಿ ಮತ್ತೆ ಅಚ್ಚು ಹಾಕಿದರು. ನನ್ನ ಸಂಸಾರ ಇವತ್ತಿಗೂ ಮುಖಾಮುಖಿಯಾಗಿಯೇ ನಡೆದಿದೆ. ಕೆಲವು ದಿನ ಅದೇ ತೊಂದರೆ.

ದ್ರೌಪತಿ ಹುಮನಾಬಾದಿನವರೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು, ಮನೆಯವರು ಕೈಹಿಡಿಸಿದರು. ಗಂಡನ ಮನೆ ರಾಜೇಶ್ವರ, ಕುರಿ ಸಾಕುವ ಮನೆತನ. ಗಂಡ ಅಮೋಘಸಿದ್ದಪ್ಪ, ಅತ್ತೆ ಧೂಳಮ್ಮ, ಅರವತ್ತು ಕುರಿ, ಒಂದಿಷ್ಟು ತೊಗರಿ ಹೊಲ. ಬೆಳಿಗ್ಗೆ ಬಸ್ಸು ಹಿಡಿದು ಪ್ರೆಸ್ಸಿಗೆ ಬಂದು ಕಾಗದ ಮಡಚುವುದು, ಹೊಲಿಯುವುದು, ಬ್ಲಾಕುಗಳ ಮಸಿ ಒರೆಸಿ ಕಪಾಟಿನಲ್ಲಿ ಇಡುವುದು ಅವರ ಕೆಲಸ.

ಆ ಕಪಾಟಿನಿಂದಲೇ ಮೊದಲ ಪುಸ್ತಕ ಹುಟ್ಟಿತು. ಒಂದೆರಡು ವರ್ಷ ಒರೆಸಿ ಒರೆಸಿ ಅವರಿಗೆ ಮೂರು ಬ್ಲಾಕುಗಳ ಮೇಲೆ ಮನಸ್ಸು ಕೂತಿತ್ತು: ಲಗ್ನಪತ್ರಿಕೆಯ ಆನೆ, ಹಲ್ಲಿನ ಡಾಕ್ಟರರ ಕರಪತ್ರದ ದವಡೆ ಹಲ್ಲು, ಬೀಜದ ಅಂಗಡಿಯ ಜಾಹೀರಾತಿನ ಟ್ರ್ಯಾಕ್ಟರ್. ಊಟದ ಬಿಡುವಿನಲ್ಲಿ ಹಾಳು ಕಾರ್ಡುಗಳ ಬೆನ್ನ ಮೇಲೆ ಒತ್ತಿ ಹನ್ನೆರಡು ಪುಟ ಹೊಲಿದರು. ಆನೆಗೆ ಹಲ್ಲುನೋವು. ಹಲ್ಲಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿಗೆ ಜೋಡಿಸುತ್ತಾರೆ. ಹಲ್ಲು ಜಪ್ಪಯ್ಯ ಅನ್ನುವುದಿಲ್ಲ, ಟ್ರ್ಯಾಕ್ಟರೇ ಹಿಂದಕ್ಕೆ ಬರುತ್ತದೆ. ಕಡೆಗೆ ಆನೆ ಟ್ರ್ಯಾಕ್ಟರ್ ನೋಡಿ ನಗುತ್ತದೆ, ನಕ್ಕ ರಭಸಕ್ಕೆ ಹಲ್ಲು ಬೀಳುತ್ತದೆ.

ಸಾವಕಾರರ ಮಗಳು ಪೂನಂ ಆ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗತೊಡಗಿದಳು. ಸಾವಕಾರರು ಆ ವರ್ಷದ ದೀಪಾವಳಿಗೆ ಗಿರಾಕಿಗಳಿಗೆ ಕ್ಯಾಲೆಂಡರಿನ ಬದಲು ಅದನ್ನೇ ಅಚ್ಚು ಹಾಕಿ ಕೊಟ್ಟರು. ಮುಂದಿನ ವರ್ಷ ಗಿರಾಕಿಗಳ ಮಕ್ಕಳು ಅಂಗಡಿಗೇ ಬಂದು ಈ ಸಲದ್ದು ಎಲ್ಲಿ ಎಂದು ಕೇಳಿದರು. ಹೀಗೆ ದ್ರೌಪತಿ ಊರಿನ ಮಕ್ಕಳಿಗೆ ಅಚ್ಚುಮೆಚ್ಚಾದರು. ಅಚ್ಚು ಸಾವಕಾರರದು, ಮೆಚ್ಚು ಮಕ್ಕಳದು.

ಬ್ಲಾಕುಗಳು ಸಾಲದಾದಾಗ ಬಸವಕಲ್ಯಾಣದಿಂದ ಹುಸೇನ ಬಂದರು. ಹೆದ್ದಾರಿಯ ಲಾರಿಗಳ ಮೇಲೆ ಹುಲಿ, ನವಿಲು, ಹದ್ದು ಬರೆಯುವ ಪೇಂಟರ್. ಅವರು ಬರೆದ ಬೆಕ್ಕು ಕೂಡ ಎದುರಿನ ಗಾಡಿಯನ್ನು ಓವರ್‌ಟೇಕ್ ಮಾಡುವ ಗತ್ತಿನಲ್ಲಿ ನಿಲ್ಲುತ್ತಿತ್ತು. ಹುಸೇನರು ಚಿತ್ರ ಬರೆಯುವುದು, ದ್ರೌಪತಿ ಕಥೆ ಕಟ್ಟುವುದು, ನಾನು ಪ್ರೂಫ್ ನೋಡುವುದು. ನಾನು ಬರೆದುಕೊಟ್ಟ ವಿಶೇಷಣಗಳನ್ನು ದ್ರೌಪತಿ ಹೊಲಿಗೆ ಬಿಚ್ಚಿದ ಹಾಗೆ ಒಂದೊಂದಾಗಿ ಕಿತ್ತು ಹಾಕುತ್ತಿದ್ದರು. ಧೋ ಎಂದು ಮಳೆ ಸುರಿಯಿತು ಎಂದು ನಾನು ಸೇರಿಸಿದ ಸಾಲಿಗೆ ಒಮ್ಮೆ ಗೆರೆ ಎಳೆದು ಹೇಳಿದರು:

"ಚಿತ್ರದಾಗ ಮಳಿ ಬರಾಕತ್ತಾದಲ್ರಿ ಸರ್. ಚಿತ್ರ ಹೇಳಿದ್ದು ಅಕ್ಷರ ಮತ್ತ ಯಾಕ ಹೇಳಬೇಕು?"

ಸಂಪಾದನೆಯ ಬಗ್ಗೆ ನಾನು ಕೇಳಿದ ಪಾಠ ಇದೊಂದೇ. ಉಳಿದದ್ದನ್ನು ಅವರು ಮಾಡಿ ತೋರಿಸಿದರು.

ಅಚ್ಚಿಗೆ ಹೋಗುವ ಮೊದಲು ಪ್ರತಿ ಪುಸ್ತಕದ ಚಿತ್ರಗಳು ರಾಜೇಶ್ವರಕ್ಕೆ ಹೋಗುತ್ತಿದ್ದವು. ಅಲ್ಲಿ ಧೂಳಮ್ಮ ಚಿತ್ರ ನೋಡಿ ಕಥೆ ಹೇಳಬೇಕು. ಆಕೆಗೆ ಒಂದಕ್ಷರ ಬಾರದು. ಅದಕ್ಕೇ ಆಕೆಯೇ ಬೇಕು ಎನ್ನುತ್ತಿದ್ದರು ದ್ರೌಪತಿ. ನಾಲ್ಕು ವರ್ಷದ ಮಕ್ಕಳಿಗೂ ಅಕ್ಷರ ಬಾರದಲ್ಲ. ಅತ್ತೆಯ ಕಥೆ ಎಲ್ಲಿ ದಾರಿ ತಪ್ಪುತ್ತದೋ ಅಲ್ಲಿ ಪುಸ್ತಕವೇ ತಪ್ಪಿದೆ ಎಂದು ಲೆಕ್ಕ. ಕಳೆದುಹೋದ ಆಡಿನ ಮರಿಯ ಪುಸ್ತಕದಲ್ಲಿ ಮೊದಲ ಪುಟದಲ್ಲಿ ಹಗ್ಗ ಕೊರಳಿಗಿತ್ತು, ನಾಲ್ಕನೆಯ ಪುಟದಲ್ಲಿ ಕಾಲಿಗೆ. ಹುಸೇನರು ಮರೆತಿದ್ದರು, ನಾನು ನೋಡಿರಲಿಲ್ಲ. ನಡುವೆ ಯಾರು ಬಿಚ್ಚಿ ಕಟ್ಟಿದರು ಎಂದು ಧೂಳಮ್ಮ ಕೇಳಿದಳು. ದ್ರೌಪತಿ ಹಗ್ಗ ತಿದ್ದಿಸಲಿಲ್ಲ, ಬಿಚ್ಚಿ ಕಟ್ಟಿದವನನ್ನು ಕಥೆಯೊಳಗೆ ತಂದರು. ಆಮೇಲೆ ಮಕ್ಕಳು ಆ ಹಗ್ಗವನ್ನೇ ಹುಡುಕಿ ಹುಡುಕಿ ಓದಿದರು.

ಹತ್ತು ವರ್ಷದಲ್ಲಿ ಹನ್ನೊಂದು ಪುಸ್ತಕ. ಯಾವುದರ ಮೇಲೂ ದ್ರೌಪತಿಯ ಹೆಸರಿಲ್ಲ, ಪ್ರೆಸ್ಸಿನ ಹೆಸರಷ್ಟೇ.

೨೦೦೩ರಲ್ಲಿ ಸಾವಕಾರರ ಹತ್ತಿರ ಎರಡು ಬಣ್ಣದ ಆಫ್‌ಸೆಟ್ ಮಷೀನು ಬಂತು. ಮಷೀನು ಚುನಾವಣೆಯ ಪೋಸ್ಟರು ಬೇಡುತ್ತಿತ್ತು, ಲಗ್ನಸರಾಯಿಯ ಕಾರ್ಡು ಬೇಡುತ್ತಿತ್ತು. ಮಕ್ಕಳ ಪುಸ್ತಕಕ್ಕೆ ಅದನ್ನು ನಿಲ್ಲಿಸುವುದು ಸಾವಕಾರರಿಗೆ ಬೇಡವಾಗಿತ್ತು. ಅದೇ ಹೊತ್ತಿಗೆ ಶಾಲೆಗಳ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಒಂದು ಸಮಿತಿ ಬಸವಕಲ್ಯಾಣದಲ್ಲಿ ಕೂಡಲಿದೆ ಎಂದು ಸುದ್ದಿ ಬಂತು. ಮುನ್ನೂರು ಪ್ರತಿ ತರಬೇಕು, ಒಪ್ಪಿಗೆಯಾದರೆ ಅಂದೇ ಹಂಚಿಕೆ. ಸಾವಕಾರರು ಖಡಕ್ಕಾಗಿ ಹೇಳಿದರು: ಇದು ಆರಿಸಿ ಬಂದರೆ ಮಕ್ಕಳ ಪುಸ್ತಕದ ವಿಭಾಗ ನಿನ್ನದು, ಪುಸ್ತಕದ ಮೇಲೆ ಸಂಪಾದಕಿ ಅಂತ ನಿನ್ನ ಹೆಸರು. ಬರದಿದ್ದರೆ ಹನ್ನೊಂದೇ ಸಾಕು, ನೀನು ಲಗ್ನಪತ್ರಿಕೆ ಮಡಚು.

ದ್ರೌಪತಿ ಆರಿಸಿಕೊಂಡದ್ದು ಮನೆಯ ಕಥೆಯನ್ನೇ. ಒಂದು ಹುಡುಗಿ ಒಂಬತ್ತು ಕುರಿಗಳ ಹಿಂದೆ ಹೋಗುತ್ತಾಳೆ. ಉಣ್ಣೆ ಕತ್ತರಿಸುತ್ತಾರೆ, ನೂಲುತ್ತಾರೆ, ನೇಯುತ್ತಾರೆ. ಕೊನೆಯ ಪುಟದಲ್ಲಿ ಹುಡುಗಿ ಕರಿ ಕಂಬಳಿ ಹೊದ್ದು ಮಲಗುತ್ತಾಳೆ. ಹತ್ತು ವರ್ಷದ ಹಿಂದೆ ಆನೆಯಿಂದ ಶುರುಮಾಡಿದವರು ಕುರಿಗೆ ಬಂದಿದ್ದರು. ಕರಿಯಿಂದ ಕುರಿಗೆ ಒಂದೇ ಕೊಂಬಿನ ದೂರ ಎಂದು ನಾನು ನಗೆಯಾಡಿದೆ. ಯಾರೂ ನಗಲಿಲ್ಲ, ಅವಸರದಲ್ಲಿದ್ದರು.

ಆ ಅವಸರದಲ್ಲೇ ಎಡವಟ್ಟಾಯಿತು. ಆ ತಿಂಗಳು ಧೂಳಮ್ಮ ಮಗನ ಜೊತೆ ಕುರಿ ಹೊಡೆದುಕೊಂಡು ದೂರದ ಹೊಲಗಳಿಗೆ ಹೋಗಿದ್ದಳು. ಕಾಯುತ್ತ ಕೂತರೆ ಮಷೀನು ಚುನಾವಣೆಯ ಕೈಗೆ ಹೋಗುತ್ತಿತ್ತು. ದ್ರೌಪತಿ ಮೊದಲ ಸಲ ಅತ್ತೆಗೆ ತೋರಿಸದೆ ಅಚ್ಚಿಗೆ ಕೊಟ್ಟರು. ನಾನು ಪ್ರೂಫ್ ನೋಡಿ ಒಂದು ಒತ್ತಕ್ಷರ ತಿದ್ದಿ ಸಹಿ ಹಾಕಿದೆ.

ಸಭೆ ಶನಿವಾರ. ಮಂಗಳವಾರ ಧೂಳಮ್ಮ ಊರಿಗೆ ಬಂದವಳು ಪುಸ್ತಕ ನೋಡಿದಳಂತೆ. ಮರುದಿನ ಬೆಳಿಗ್ಗೆ ಸೊಸೆಯ ಜೊತೆ ಬಸ್ಸು ಹತ್ತಿ ಪ್ರೆಸ್ಸಿಗೇ ಬಂದಳು. ನಾವೆಲ್ಲ ಇದ್ದೆವು. ಮೊದಲ ಪುಟ ತೆಗೆದು ಕುರಿಗಳ ಮೇಲೆ ಬೆರಳಿಟ್ಟಳು, ಕೊನೆಯ ಪುಟ ತೆಗೆದು ಕಂಬಳಿಯ ಮೇಲೆ ಇಟ್ಟಳು.

"ಕುರಿ ಬೆಳ್ಳಗದಾವ, ಕಂಬಳಿ ಕರ್ರಗದ. ನಡುವ ಕದ್ದವರ್ಯಾರು?"

ನಮ್ಮ ಕಡೆಯ ಕಂಬಳಿಗೆ ಯಾರೂ ಬಣ್ಣ ಹಾಕುವುದಿಲ್ಲ. ಕುರಿ ಯಾವ ಬಣ್ಣವೋ ಕಂಬಳಿ ಅದೇ ಬಣ್ಣ. ಹುಸೇನರು ತಲೆ ಕೆರೆದುಕೊಂಡರು. ಲಾರಿಯ ಮೇಲಿನ ಪ್ರಾಣಿ ಹಿಂದಿನ ಗಾಡಿಯ ಲೈಟಿಗೆ ಹೊಳೆಯಬೇಕೆಂದು ಬಿಳಿ ಬಿಟ್ಟು ಬರೆಯುವುದು ಅವರ ರೂಢಿ. ಕೈ ತಾನಾಗಿಯೇ ಗೆರೆಯಷ್ಟೇ ಎಳೆದು, ಒಳಗೆ ಕಾಗದದ ಬಿಳಿ ಬಿಟ್ಟಿತ್ತು. ನನ್ನದು ಇನ್ನೂ ಹೀನ ಸ್ಥಿತಿ. ಕಾನ್ವೆಂಟಿನ ಪುಸ್ತಕಗಳಲ್ಲಿ ಹತ್ತಿ ಉಂಡೆಯಂಥ ಬಿಳಿ ಕುರಿಗಳನ್ನೇ ನೋಡಿ ಬೆಳೆದವನಿಗೆ, ಮನೆ ಮುಂದೆ ದಿನಾ ಹಾಯುವ ಕರಿ ಕುರಿ ಕುರಿಯೇ ಅಲ್ಲ ಎನಿಸಿತ್ತೋ ಏನೋ.

ಸಾವಕಾರರು ಮಾತ್ರ ಅಲುಗಾಡಲಿಲ್ಲ. "ಸಮಿತಿ ಸಾಹೇಬರು ಕುರಿ ನೋಡಿದ್ದು ತಾಟಿನ್ಯಾಗ ಅಷ್ಟ. ಅಲ್ಲಿ ಎಲ್ಲಾ ಒಂದೇ ಬಣ್ಣ. ಸುಮ್ನ ಒಯ್ಯಿ ದ್ರೌಪತಿ, ಯಾರ್ಗೂ ತಿಳ್ಯಂಗಿಲ್ಲ."

"ಇಕಿಗೆ ತಿಳೀತಲ್ರಿ," ಎಂದರು ದ್ರೌಪತಿ.

ಮತ್ತೆ ಅಚ್ಚು ಹಾಕಲು ಮಷೀನು ಖಾಲಿಯಿರಲಿಲ್ಲ. ಒಯ್ಯದಿದ್ದರೆ ಹೆಸರು ಹೋಯಿತು. ಒಯ್ದರೆ ಸುಳ್ಳು ಪುಸ್ತಕದ ಮೇಲೆ ಹೆಸರು ಬಂತು. ಪಕ್ಕದಲ್ಲಿ ಬೈಂಡಿಂಗಿನ ತಾಹೇರಾ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸುತ್ತಿದ್ದಳು. ದ್ರೌಪತಿ ಗೋಡೆಯ ಮೇಲಿನ ಕರಿ ಬೆರಳ ಗುರುತುಗಳನ್ನೇ ನೋಡಿದರು. ಆಮೇಲೆ ಅತ್ತೆಯ ಕೈ ಹಿಡಿದು, ಹೆಬ್ಬೆರಳನ್ನು ಮಸಿಯ ತಟ್ಟೆಗೆ ಮುಟ್ಟಿಸಿ, ಒಂದು ಬಿಳಿ ಕುರಿಯ ಗೆರೆಯೊಳಗೆ ಒತ್ತಿದರು.

ಬೆರಳಿನ ಸುರುಳಿ ಗೆರೆಗಳೆಲ್ಲ ಮೂಡಿದ್ದವು. ತುಪ್ಪಳ ತುಂಬಿದ ಕರಿ ಕುರಿ. ಹುಸೇನರು ಜೇಬಿನ ಪೆನ್ನು ತೆಗೆದು ಮೂಗಿನ ಉಬ್ಬು ತಿದ್ದಿದರು. ಕುರಿ ನಮ್ಮನ್ನೇ ನೋಡಿತು.

ಮೂರು ದಿನ ಹಗಲೆಲ್ಲ ಅದೇ ಕೆಲಸ. ಎಲ್ಲ ಕುರಿಗಳೂ ಮೊದಲ ಪುಟದಲ್ಲೇ ಇದ್ದು, ಕತ್ತರಿಸುವ ಪುಟದಿಂದ ಮುಂದೆ ಬರೀ ಕೈಗಳು, ಕರಿ ಉಣ್ಣೆ ಇದ್ದದ್ದು ಪುಣ್ಯ. ಒಂಬತ್ತರಲ್ಲಿ ಆರು ಕುರಿ ಧೂಳಮ್ಮನ ಹೆಬ್ಬೆಟ್ಟು. ತಾಹೇರಾಳ ಸಣ್ಣ ಬೆರಳಿಗೆ ಎರಡು ಮರಿಗಳು ಸಿಕ್ಕವು. ಒಂದು ಟಗರು ಉಳಿದಿತ್ತು, ಅದರ ಗೆರೆ ತುಂಬುವಷ್ಟು ದಪ್ಪ ಬೆರಳು ಪ್ರೆಸ್ಸಿನಲ್ಲಿ ಒಂದೇ ಇತ್ತು. ಸಾವಕಾರರು ಹುಟ್ಟಿದಾಗಿನಿಂದ ಸಹಿ ಹಾಕಿದ ಮನುಷ್ಯ, ನನಗೆ ಹೆಬ್ಬೆಟ್ಟು ಒತ್ತಿಸುತ್ತೀರಾ ಎಂದು ಗೊಣಗಿದರು. ಹತ್ತು ಟಗರು ಆಗುವಷ್ಟರಲ್ಲಿ, ತಾಹೇರಾಳ ಮರಿ ತಮ್ಮ ಟಗರಿನ ಕಾಲಡಿ ಬಂದಿದೆ ಎಂದು ತಕರಾರು ತೆಗೆಯುತ್ತಿದ್ದರು. ನನಗೂ ಒತ್ತುವ ಆಸೆಯಿತ್ತು. ನನ್ನ ಬೆರಳು ನುಣ್ಣಗಿದೆ, ಉಣ್ಣೆ ಮೂಡುವುದಿಲ್ಲ ಎಂದು ದ್ರೌಪತಿ ಪುಟ ಒಣಗಿಸಲು ಹಚ್ಚಿದರು.

ಶನಿವಾರ ಮುನ್ನೂರು ಪ್ರತಿ ಕಟ್ಟಿಕೊಂಡು ಬಸವಕಲ್ಯಾಣಕ್ಕೆ ಹೋದೆವು. ಧೂಳಮ್ಮನೂ ಬಂದಳು. ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟರು. ಮಸಿ ಹತ್ತಿದೆ, ಒಂದರಂತೆ ಒಂದಿಲ್ಲ, ಇದು ಮುದ್ರಣದೋಷ ಎಂದು ಪಕ್ಕಕ್ಕೆ ಸರಿಸಿದರು.

"ಸರ್, ಯಾವ ಹಿಂಡಿನ್ಯಾಗ ಕುರಿ ಒಂದರಂಗ ಒಂದ ಇರ್ತಾವ್ರಿ?" ಎಂದರು ದ್ರೌಪತಿ. ಬಿಳಿ ಕುರಿಯ ಕಥೆ, ತಾವು ಅತ್ತೆಗೆ ತೋರಿಸದೆ ಮಾಡಿದ ತಪ್ಪು, ಎಲ್ಲವನ್ನೂ ಮುಚ್ಚಿಡದೆ ಹೇಳಿದರು. ನಾನಾಗಿದ್ದರೆ ಇದು ಹೊಸ ಶೈಲಿ ಎಂದು ಬೊಗಳೆ ಬಿಡುತ್ತಿದ್ದೆ.

ಅಧ್ಯಕ್ಷರಿಗೆ ನಂಬಿಕೆ ಬರಲಿಲ್ಲ. ಹಾಗಾದರೆ ಆ ಅಜ್ಜಿಯೇ ಓದಿ ತೋರಿಸಲಿ ಎಂದರು. ಧೂಳಮ್ಮ ಪುಸ್ತಕ ಹಿಡಿದು ಪುಟ ತಿರುವುತ್ತ, ಒಂದೊಂದು ಕುರಿಗೂ ಒಂದೊಂದು ಹೆಸರಿಟ್ಟು, ಉಣ್ಣೆಯಿಂದ ಕಂಬಳಿಯವರೆಗೆ ಹೇಳಿ ಮುಗಿಸಿದಳು. ಕಥೆ ಎಲ್ಲೂ ದಾರಿ ತಪ್ಪಲಿಲ್ಲ. ಗುಮಾಸ್ತರು ಬಂದವರ ಸಹಿ ಬೇಕೆಂದು ರಿಜಿಸ್ಟರು ಮುಂದಿಟ್ಟು, ಆಕೆಯ ಕಡೆ ಇಂಕ್ ಪ್ಯಾಡ್ ಸರಿಸಿದರು. ಧೂಳಮ್ಮ ಪ್ಯಾಡು ಮುಟ್ಟಲಿಲ್ಲ. ಮೂರು ದಿನದ ಮಸಿ ಉಗುರ ಸಂದಿಯಲ್ಲಿ ಹಾಗೇ ಇತ್ತು. ಎಂಜಲು ಹಚ್ಚಿ ಒತ್ತಿದಳು. ರಿಜಿಸ್ಟರಿನಲ್ಲಿ, ಎರಡು ಗೆರೆಗಳ ನಡುವೆ, ಮಾಸಲಾಗಿ ಹತ್ತನೆಯ ಕುರಿ ನಿಂತಿತು.

ಅಧ್ಯಕ್ಷರು ಅದನ್ನು ನೋಡಿದರು, ಪುಸ್ತಕ ನೋಡಿದರು, ಮತ್ತೆ ರಿಜಿಸ್ಟರು ನೋಡಿದರು. ಪಕ್ಕಕ್ಕೆ ಸರಿಸಿದ ಎರಡೂ ಪ್ರತಿಗಳನ್ನು ಎಳೆದುಕೊಂಡು ಒಪ್ಪಿಗೆಯ ಠಸ್ಸೆ ಒತ್ತಿದರು. ಒಂದು ಪ್ರತಿಯನ್ನು ಮನೆಗೆ ಒಯ್ಯಬಹುದೇ ಎಂದು ಮೆಲ್ಲಗೆ ಕೇಳಿದರು, ಟಗರು ಚೆನ್ನಾಗಿ ಮೂಡಿದ್ದು.

ಅದೊಂದು ಬಿಟ್ಟು ಉಳಿದ ಪ್ರತಿಗಳೆಲ್ಲ ಶಾಲೆಗಳಿಗೆ ಹೋದವು. ಎರಡನೆಯ ಮುದ್ರಣಕ್ಕೆ ಸಾವಕಾರರು ಮಾತಿನಂತೆ ದ್ರೌಪತಿಯ ಹೆಸರು ಜೋಡಿಸಿದರು. ಪ್ರೂಫಿನಲ್ಲಿ ದ್ರೌಪತಿ ಅದರ ಕೆಳಗೆ ಅತ್ತೆಯ ಹೆಸರನ್ನೂ ಬರೆದು, ಈ ಸಲ ತಪ್ಪದೆ ರಾಜೇಶ್ವರಕ್ಕೆ ಒಯ್ದರು. ಮರುದಿನ ಪ್ರೂಫು ವಾಪಸು ಬಂದಾಗ ಎರಡೂ ಹೆಸರುಗಳ ಮೇಲೆ ಗೆರೆ ಇತ್ತು. ಸಾವಕಾರರು ಗಾಬರಿಯಾಗಿ ಯಾಕೆ ಎಂದರು.

"ಇದೇನು ಅಂದಳ್ರಿ ಅತ್ತಿ. ನಿನ್ನ ಹೆಸರು ಅಂದೆ. ಆರು ಕಡೆ ಒತ್ತೀನಿ, ಮತ್ತ ಯಾಕ ಅಂದಳು," ಎಂದರು ದ್ರೌಪತಿ. ನಗುತ್ತಿದ್ದರು. "ಖರೇ ಅದಲ್ರಿ. ಅಕಿದು ತೆಗೆದ ಮ್ಯಾಲ ನಂದೊಂದ ಹ್ಯಾಂಗ ಇಡ್ಲಿ?"

ಆ ಪುಸ್ತಕ ಆರು ಮುದ್ರಣ ಕಂಡಿತು, ಆರೂ ಸಲ ಕುರಿಗಳು ಬೆರಳಿನಿಂದಲೇ. ಅದರ ಮೇಲೆ ಯಾರ ಹೆಸರೂ ಇಲ್ಲ. ಆರೂ ಪ್ರೂಫುಗಳನ್ನು ನಾನೇ ನೋಡಿದ್ದೇನೆ, ಹೆಸರು ಇಲ್ಲದ್ದು ಅಚ್ಚಿನ ತಪ್ಪಲ್ಲ.