ನಾಟಕದವರ ಕೈಗೆ ಕೊಡದ ರೇಡಿಯೊ

"ಅದನ್ನ ಕೆಳಗಿಡಮ್ಮ. ನಾಟಕದೋರ ಕೈಗೆ ಕೊಡೋ ಸಾಮಾನಲ್ಲ ಅದು!" ಎಂದು ಶಿವಮೊಗ್ಗದ ರೇಡಿಯೊ ಅಂಗಡಿಯವನು ನನ್ನ ಕೈಯಲ್ಲಿದ್ದ ಟ್ರಾನ್ಸಿಸ್ಟರ್ ಕಿತ್ತುಕೊಂಡ.

ಆಗ ನಾಟಕ ಕಂಪನಿಯ ವ್ಯಾನೇ ನಮ್ಮ ಮನೆ. ನಾನು ತಾಲೀಮಿಗೆ ಹೋದರೆ ಕಣ್ಣು ಕಾಣದ ಅಮ್ಮ ಅದರಲ್ಲಿ ಒಬ್ಬಳೇ ಇರಬೇಕಿತ್ತು. ದೊಡ್ಡ ರೇಡಿಯೊ ಇಡಲು ಅಲ್ಲಿ ಜಾಗವಿಲ್ಲ, ಕರೆಂಟೂ ಇಲ್ಲ. ಅದಕ್ಕೇ ಅವಳಿಗಾಗಿ ಸೆಲ್ ಹಾಕುವ ಪುಟ್ಟದನ್ನು ಆರಿಸಿದ್ದೆ.

ಅಂಗಡಿಯವನ ಮುಖದ ಗುರುತು ಸಿಕ್ಕಿತು. ಮೈಯೆಲ್ಲ ಉರಿಯಿತು.

"ನಿನ್ನೆ ಮುಂದಿನ ಸಾಲಲ್ಲಿ ಕೂತು ನನ್ನ ಹಾಡಿಗೆ ಒನ್ಸ್ ಮೋರ್ ಅಂತ ಕೂಗಿದೋರು ನೀವೇ ಅಲ್ವೇನ್ರಿ?" ಎಂದು ಗಟ್ಟಿಯಾಗಿ ಕೇಳಿದೆ. ಅವನು ತಲೆ ತಗ್ಗಿಸಿ ರೇಡಿಯೊ ಮುಂದೆ ಸರಿಸಿದ. ನಾನು ಮುಟ್ಟದೆ ಹೊರಬಂದೆ.

ಭದ್ರಾವತಿಯಲ್ಲಿ ಅಂಥದ್ದೇ ಒಂದನ್ನು ಕೊಂಡು ಅಮ್ಮನ ಮಡಿಲಲ್ಲಿಟ್ಟೆ. ಅವಳಿಗೆ ಖುಷಿಯೋ ಖುಷಿ. ನನಗೆ ಮಾತ್ರ ಆಮೇಲೆ ಎಷ್ಟೇ ಚಪ್ಪಾಳೆ ಬಿದ್ದರೂ ಅದು ಮರ್ಯಾದೆ ಅನ್ನಿಸಲಿಲ್ಲ.