ಎರಡೂ ಫೋನು ನಂದೇ

ನೋಡ್ರಪ್ಪ, ಇವತ್ತು ನಾಟ್ರಾಂಪಾಳ್ಯದಲ್ಲಿ ಹೊಸ ಫೈವ್‌ಜಿ ಟವರ್ ಟೆಸ್ಟ್ ಮಾಡ್ತಿದ್ದೆ. ಎಡಗೈ ಫೋನಿಂದ ಬಲಗೈ ಫೋನಿಗೆ ವಿಡಿಯೋ ಕಾಲ್, ಅದೇ ನನ್ನ ಕೆಲಸ. ರಾಗಿ ಹೊಲದಲ್ಲಿ ಕಳೆ ಕೀಳ್ತಿದ್ದ ಅಜ್ಜಿ ಎದ್ದು ಬಂದ್ಲು.

"ಎರಡೂ ನಿಂದೇನಾ? ಬ್ಯಾರೆ ಯಾರ್ಗಾನಾ ಮಾಡ್ಬಾರ್ದೇನಪ್ಪ?"

"ಹಗಲೊತ್ತು ಯಾರೂ ಎತ್ತಲ್ಲ ಅಜ್ಜಿ," ಅಂದು ಮಾತು ತಿರುಗಿಸ್ದೆ. "ಈ ಫೈವ್‌ಜಿ ಅಲೆ ಜಾಸ್ತಿ ಮಾಹಿತಿ ಹೊರುತ್ತೆ, ಬೇಗ ತಲುಪಿಸುತ್ತೆ. ಆದ್ರೆ ದೂರ ಹೋಗಲ್ಲ. ಅದಕ್ಕೇ ಟವರ್ ಹತ್ರದಲ್ಲೇ ಇರ್ಬೇಕು."

ಅಜ್ಜಿ ಒಂದು ಫೋನ್ ಕಿತ್ಕೊಂಡು ಹುಣಸೆಮರದ ಹಿಂದಕ್ಕೆ ಹೋದ್ಲು. ಪರದೆ ತುಂಬಾ ಅವಳ ಗಲ್ಲ.

"ಉಂಡ್ಯಾ ಮಗಾ?"

ಊರು ಬಿಟ್ಟು ಮತ್ತಿಗಿರಿಯಲ್ಲಿ ಒಬ್ನೇ ರೂಮ್ ಮಾಡಿ ಆರು ತಿಂಗಳಾಯ್ತು. ಹಂಗೆ ಕೇಳಿದೋರು ಇವಳೇ ಮೊದಲು.

ನೆಟ್‌ವರ್ಕ್ ಒಂಚೂರೂ ತಡ ಮಾಡ್ಲಿಲ್ಲ ಅಂತ ರಿಪೋರ್ಟ್ ಬರೆದೆ. ತಡ ಮಾಡಿದ್ದು ನಾನು, ಅಜ್ಜಿಗೆ ಉತ್ತರ ಕೊಡೋಕೆ.