ಸಾಹೇಬರ ಪ್ಯಾಂಟು

ಎಂಬತ್ತರ ದಶಕದಲ್ಲಿ ನಾನು ಕಬ್ಬೂರಿನ ಹತ್ತಿರದ ಶಾಲೆಯೊಂದರಲ್ಲಿ ನಾಲ್ಕನೇ ಇಯತ್ತೆಗೆ ಕಲಿಸುತ್ತಿದ್ದೆ. ನನ್ನ ವರ್ಗದ ಶಾಂತಾಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅವಳ ಜೋಡಿ ಆಡಿ ಆಡಿ ಉಳಿದ ಮಕ್ಕಳಿಗೆಲ್ಲ ಕೈಮಾತು ಬಂದುಬಿಟ್ಟಿತ್ತು.

ಒಂದು ದಿನ ತಪಾಸಣೆಗೆ ಬಂದ ಸಾಹೇಬರು ಅವಳಿಗೆ ಮಾತು ಬರುವುದಿಲ್ಲವೆಂದು ತಿಳಿದು ಮುಖ ಗಂಟಿಕ್ಕಿದರು.

“ಅಕ್ಕೋರ, ಈಕೀನ ಬೆಳಗಾವಿಗೆ ಮೂಕರ ಸಾಲಿಗೆ ಕಳಸ್ರಿ. ಇಲ್ಲಿ ಯಾರ ಜೋಡಿ ಮಾತಾಡ್ತಾಳ, ಪಾಪ?”

“ಎಲ್ಲಾರ ಜೋಡೀನೂ ಮಾತಾಡ್ತಾಳ್ರಿ,” ಅಂದೆ. ಅವರು ನಂಬಲಿಲ್ಲ. ಹೊಟ್ಟೆಯ ಕೆಳಗೆ ಜಾರಿದ್ದ ಪ್ಯಾಂಟನ್ನು ಎರಡೂ ಕೈಯಿಂದ ಮೇಲೆಳೆದುಕೊಂಡು, ಲೆಕ್ಕ ಬರೆಯಲು ಬೋರ್ಡಿನ ಕಡೆ ತಿರುಗಿದರು.

ಅಷ್ಟರಲ್ಲಿ ಶಾಂತಾ ಗಾಳಿಯಲ್ಲೇ ಒಂದು ದೊಡ್ಡ ಹೊಟ್ಟೆ ಬರೆದು, ಅದಕ್ಕೆ ಪ್ಯಾಂಟು ಏರಿಸಿ, ಅದು ಮತ್ತೆ ಸರ್ರನೆ ಜಾರಿದ್ದನ್ನೂ ತೋರಿಸಿದಳು. ವರ್ಗವೆಲ್ಲ ಘೊಳ್ಳೆಂದಿತು. ಹಿಂದೆ ಕೂತಿದ್ದ ಪಾರವ್ವ ಕೈಯಲ್ಲೇ ಏನೋ ಉತ್ತರ ಕೊಟ್ಟಳು. ಈ ಸಲ ಶಾಂತಾಳೇ ಬಿದ್ದು ಬಿದ್ದು ನಕ್ಕಳು.

“ಏನಂದ್ಲಲೇ ಆಕಿ?” ಸಾಹೇಬರು ತಿರುಗಿ, ಶಾಂತಾಳ ಕಡೆ ಕೈ ಮಾಡಿ ಗದರಿದರು.

ಎಲ್ಲರೂ ತಲೆ ತಗ್ಗಿಸಿದರು. ಪಾರವ್ವ ಮಾತ್ರ ಎದ್ದು ನಿಂತು, “ಅದನ್ನ ಬಾಯಿಲೆ ಹೇಳಾಕ ಬರಂಗಿಲ್ರಿ, ಸಾಹೇಬ್ರ,” ಅಂದಳು.

ಅವರು ನನ್ನ ಮುಖ ನೋಡಿದರು. “ನಿಮಗ ತಿಳೀತೇನ್ರಿ?”

“ಇಲ್ರಿ,” ಅಂದೆ. ನಗು ತಡೆಯಲು ಸೆರಗು ಬಾಯಿಗೆ ಹಿಡಿದಿದ್ದೆ.

ಸಾಹೇಬರು ಶಾಂತಾಳನ್ನೊಮ್ಮೆ ನೋಡಿ ಸೀಮೆಸುಣ್ಣ ಕೆಳಗಿಟ್ಟರು. “ಇರ್ಲಿ ಬಿಡ್ರಿ, ಇಲ್ಲೇ ಕಲೀಲಿ. ಮಾತಾಡಾಕ ಮಂದಿ ಬಾಳ ಅದಾರ.”

ಹೊರಡುವಾಗ ಬಾಗಿಲಲ್ಲಿ ಅವರ ಕೈ ತಾನಾಗಿಯೇ ಪ್ಯಾಂಟಿಗೆ ಹೋಯಿತು. ಒಮ್ಮೆ ಮಕ್ಕಳ ಕಡೆ ತಿರುಗಿ ನೋಡಿ, ತಟ್ಟನೆ ಕೈ ತೆಗೆದರು. ಜೀಪು ಹತ್ತುವತನಕ ಹೊಟ್ಟೆ ಒಳಗೆಳೆದುಕೊಂಡೇ ನಡೆದರು.